ಹಳೆಯ ಕಾರಿನ ಸ್ಟೀರಿಯೊ ಬದಲಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ 2003ರ ಮಾರುತಿ ಜೆನ್ ಇದೆ. ಅಪ್ಪ ಕೊಂಡದ್ದು. ಅದರ ಕ್ಯಾಸೆಟ್ ಪ್ಲೇಯರನ್ನು ಒಮ್ಮೆ ತಪ್ಪಾಗಿ ಬದಲಿಸಿದೆವು, ಕೆಲವು ವರ್ಷಗಳ ಮೇಲೆ ಸರಿಯಾಗಿ ಬದಲಿಸಿದೆವು. ಆ ಎರಡು ಸಲದಲ್ಲಿ ಕಲಿತದ್ದನ್ನೇ ನೆಂಟರು, ಗೆಳೆಯರು ಈಗಲೂ ಕೇಳುತ್ತಿರುತ್ತಾರೆ. ಸ್ಯಾಂಟ್ರೊ, ವ್ಯಾಗನ್‌ಆರ್, ಆಲ್ಟೊ, ಇಂಡಿಕಾ, ಹಳೆಯ ಸ್ವಿಫ್ಟ್ ಇಟ್ಟುಕೊಂಡವರ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ.

ಮೊದಲು ಬದಲಿಸಬೇಕಾದ್ದು ಸ್ಟೀರಿಯೊನೋ, ಸ್ಪೀಕರೋ?

ಸ್ಪೀಕರ್. ಅಂಗಡಿಗೆ ಹೋದರೆ ಕಣ್ಣಿಗೆ ಬೀಳುವುದು ದೊಡ್ಡ ಪರದೆ. ಸ್ಪೀಕರ್ ಬಾಗಿಲೊಳಗೆ ಅಡಗಿರುವುದರಿಂದ ಅದರ ನೆನಪೇ ಆಗುವುದಿಲ್ಲ. ಹಳೆಯ ಕಾರಿನ ಕಂಪನಿ ಸ್ಪೀಕರುಗಳದ್ದು ಸಾಮಾನ್ಯವಾಗಿ ತೆಳ್ಳನೆಯ ಕಾಗದದ ಕೋನ್, ಪುಟ್ಟ ಮ್ಯಾಗ್ನೆಟ್. ಹತ್ತು ಹದಿನೈದು ಬೇಸಿಗೆ, ಅಷ್ಟೇ ಮಳೆಗಾಲ ಕಂಡ ಕೋನ್ ಸಡಿಲಾಗಿರುತ್ತದೆ. ಸುತ್ತಲಿನ ಫೋಮ್ ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಅದರ ಮುಂದೆ ಎಂಥ ಸ್ಟೀರಿಯೊ ಇಟ್ಟರೂ ಹೊರಬರುವುದು ಅದೇ ಒಡಕು ದನಿ.

ಪರೀಕ್ಷೆ ಸುಲಭ. ಒಬ್ಬರೇ ಹಾಡಿರುವ, ಹೆಚ್ಚು ವಾದ್ಯಗಳಿಲ್ಲದ ಭಾವಗೀತೆಯೊಂದನ್ನು ಮಧ್ಯಮ ವಾಲ್ಯೂಮಿನಲ್ಲಿ ಹಾಕಿ. ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ತಿರುಗಿಸಿ ಒಂದೊಂದೇ ಸ್ಪೀಕರ್ ಕೇಳಿ. ಗರಗರ ಅಂದದ್ದನ್ನು, ಬೇರೆಯವಕ್ಕಿಂತ ಕುಗ್ಗಿದ್ದನ್ನು ಗುರುತು ಹಾಕಿಕೊಳ್ಳಿ. ನನ್ನ ಲೆಕ್ಕ ಹೀಗೆ: ಇರುವ ಹತ್ತು ರೂಪಾಯಿಯಲ್ಲಿ ಆರು ಸ್ಪೀಕರಿಗೂ ಬಾಗಿಲ ಕೆಲಸಕ್ಕೂ, ಮೂರು ಸ್ಟೀರಿಯೊಗೆ, ಒಂದು ಕಪ್ಲರ್ (ವೈರ್ ಗೊಂಚಲನ್ನು ಸಿಕ್ಕಿಸಿ ಜೋಡಿಸುವ ಪ್ಲಗ್), ಫ್ರೇಮ್, ವೈರಿಗೆ.

ನನ್ನ ಕಾರಿಗೆ ಯಾವ ಅಳತೆಯ ಸ್ಟೀರಿಯೊ ಕೂರುತ್ತದೆ?

ಜರ್ಮನಿಯ ಡಿನ್ ಅಳತೆ ಈಗ ಐಎಸ್ಒ 7736 ಎಂಬ ಜಾಗತಿಕ ಮಾನಕ. ಸಿಂಗಲ್ ಡಿನ್ ಎಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಎಂದರೆ ಅಗಲ ಅಷ್ಟೇ, ಎತ್ತರ 100 ಮಿ.ಮೀ. ಮಾರುತಿ 800, ಜೆನ್, ಹಳೆಯ ಆಲ್ಟೊಗಳದ್ದು ಸಿಂಗಲ್ ಡಿನ್. ಮೊದಲ ಐ10, 2011ರ ನಂತರದ ಸ್ವಿಫ್ಟ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಆಕಾರಕ್ಕೇ ಅಚ್ಚು ಹಾಕಿದ ಸ್ಟೀರಿಯೊ ಬರುತ್ತಿತ್ತು. ಅದನ್ನು ತೆಗೆದರೆ ಆ ಮಾಡೆಲ್‌ಗೆಂದೇ ಮಾಡಿದ ಫ್ರೇಮ್ ಬೇಕೇ ಬೇಕು.

ಸಿಂಗಲ್ ಡಿನ್ ಜಾಗದಲ್ಲಿ ಕೂತು ಮುಂದಕ್ಕೆ ದೊಡ್ಡ ಪರದೆ ಚಾಚುವ ಸ್ಟೀರಿಯೊಗಳೂ ಸಿಗುತ್ತವೆ. ಕೊಳ್ಳುವ ಮೊದಲು ಅದೇ ಅಳತೆಯ ರಟ್ಟಿನ ತುಂಡು ಕತ್ತರಿಸಿ ಡ್ಯಾಶ್‌ಬೋರ್ಡಿಗೆ ಹಿಡಿದು ನೋಡಿ. ಎಸಿ ಗಾಳಿಯ ಕಿಂಡಿಯೋ ಹಜಾರ್ಡ್ ಲೈಟಿನ ಸ್ವಿಚ್ಚೋ ಮರೆಯಾಗುವುದಾದರೆ ಅದು ಬೇಡ. ಡಬಲ್ ಡಿನ್ ಕೂರಿಸಲೆಂದು ಡ್ಯಾಶ್‌ಬೋರ್ಡ್ ಕೊಯ್ಯುವವರೂ ಇದ್ದಾರೆ. ದಯವಿಟ್ಟು ಕೊಯ್ಯಲು ಬಿಡಬೇಡಿ. ಕೊಯ್ದ ಡ್ಯಾಶ್‌ಬೋರ್ಡ್ ಕೆಟ್ಟ ರಸ್ತೆಯಲ್ಲಿ ಕಿರುಗುಟ್ಟಲು ತೊಡಗಿದರೆ ಅದಕ್ಕೆ ಮದ್ದಿಲ್ಲ.

ಅಂಗಡಿಯವರು ಕಂಪನಿ ಕಪ್ಲರ್ ಕತ್ತರಿಸಿ ವೈರ್ ಸೇರಿಸುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬೇಡಿ. ಇದೊಂದನ್ನು ಪಾಲಿಸಿ, ಉಳಿದದ್ದೆಲ್ಲ ಮರೆತರೂ ನಿಮ್ಮ ಕಾರು ಉಳಿಯುತ್ತದೆ.

ನಮ್ಮ ಜೆನ್‌ಗೆ ಮೊದಲ ಸಲ ಆದದ್ದು ಇದೇ. ಒಂದು ಅಂಗಡಿಯಲ್ಲಿ ಕಪ್ಲರನ್ನು ಕಟಿಂಗ್ ಪ್ಲಯರಿನಿಂದ ಕತ್ತರಿಸಿ, ವೈರ್‌ಗಳನ್ನು ಬರಿಗೈಯಲ್ಲಿ ಹೊಸೆದು, ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಒಳಗೆ ತಳ್ಳಿದರು. ಅರ್ಧ ಗಂಟೆಯಲ್ಲಿ ಹಾಡು ಬಂತು, ನಮಗೂ ಸಂತೋಷವಾಯಿತು. ಎರಡು ಬೇಸಿಗೆ ಕಳೆಯಿತು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಆ ಟೇಪಿನ ಗೋಂದು ಕರಗಿ, ಅಂಟುಅಂಟಾಗಿ ಜಾರಿ, ಬ್ಯಾಟರಿಯಿಂದ ಸದಾ ಕರೆಂಟ್ ಬರುವ ಹಳದಿ ವೈರಿನ ಬರಿಯ ತಾಮ್ರ ಹೊರಗೆ ಬಂತು. ಮದ್ದೂರು ದಾಟಿದ ಮೇಲೆ ರಾತ್ರಿಯ ಹೊತ್ತು ಅದು ಲೋಹದ ಬ್ರಾಕೆಟ್‌ಗೆ ತಾಗಿ ಫ್ಯೂಸ್ ಹೋಯಿತು. ಒಳಗಿನ ದೀಪವೂ ಅದರ ಜೊತೆಗೇ ಹೋಯಿತು. ಫ್ಯೂಸ್ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು. ಅದರ ಜಾಗದಲ್ಲಿ ಯಾರಾದರೂ ತಂತಿಯ ತುಂಡು ಸಿಕ್ಕಿಸಿದ್ದರೆ ಉರಿಯುತ್ತಿದ್ದುದು ವೈರಿಂಗ್.

ಸರಿಯಾದ ದಾರಿ ಹೆಚ್ಚು ದುಬಾರಿಯೂ ಅಲ್ಲ. ನಿಮ್ಮ ಕಾರಿನ ಕಪ್ಲರಿಗೆ ಒಂದು ತುದಿ, ಹೊಸ ಸ್ಟೀರಿಯೊಗೆ ಇನ್ನೊಂದು ತುದಿ ಹೊಂದುವ ಅಡಾಪ್ಟರ್ ಕಪ್ಲರ್ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಮಾಡೆಲ್ ಹೆಸರು ಹೇಳಿ ಕೇಳಿದರೆ ತೆಗೆದುಕೊಡುತ್ತಾರೆ, ಆನ್‌ಲೈನಿನಲ್ಲೂ ಇದೆ. ವೈರ್ ಸೇರಿಸುವ ಕೆಲಸವೆಲ್ಲ ಈ ಅಡಾಪ್ಟರಿನ ಮೇಲೆ, ಮನೆಯ ಮೇಜಿನ ಮೇಲೆ ನಡೆಯಲಿ: ಬೆಸುಗೆ ಹಾಕಿ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಬಹುದು, ಇಲ್ಲವೇ ಒತ್ತಿ ಬಿಗಿಯುವ ಒಳ್ಳೆಯ ಕ್ರಿಂಪ್ ಹಾಕಬಹುದು. ಕಾರಿನೊಳಗೆ ಮಾಡಬೇಕಾದ್ದು ಎರಡು ಕಪ್ಲರ್ ಸಿಕ್ಕಿಸುವುದಷ್ಟೇ.

ಕಪ್ಲರ್ ಆಗಲೇ ಕತ್ತರಿಸಿಹೋಗಿದ್ದರೆ? ಗುಜರಿಗೆ ಹೋದ ಅದೇ ಮಾಡೆಲ್‌ನ ಕಾರಿನಿಂದ ಒಂದು ಗೇಣು ವೈರ್ ಸಮೇತ ಕಪ್ಲರ್ ತಂದು ಮರಳಿ ಕೂರಿಸಬಹುದು. ನಾವು ಹಾಗೆಯೇ ಮಾಡಿದೆವು.

ಯಾವ ಬಣ್ಣದ ವೈರ್ ಯಾವುದಕ್ಕೆ?

ಹೊರಗಿನಿಂದ ಕೊಳ್ಳುವ ಸ್ಟೀರಿಯೊಗಳಲ್ಲಿ ಬಹುತೇಕ ಒಂದೇ ಪದ್ಧತಿ. ಹಳದಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥಿಂಗ್. ನೀಲಿ ಆಂಟೆನಾಕ್ಕೆ, ಬಿಳಿ ಗೆರೆಯ ನೀಲಿ, ಪವರ್ ಹೆಚ್ಚಿಸುವ ಪ್ರತ್ಯೇಕ ಪೆಟ್ಟಿಗೆಯಾದ ಆಂಪ್ಲಿಫೈಯರನ್ನು ಎಬ್ಬಿಸಲು. ಸ್ಪೀಕರುಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಅದು ಮೈನಸ್.

ಇದು ಸ್ಟೀರಿಯೊ ಬದಿಯ ಮಾತು. ಕಾರಿನ ಬದಿಯ ವೈರ್‌ಗಳಿಗೆ ಕಂಪನಿಗೊಂದು ಬಣ್ಣ, ಅಲ್ಲಿ ಬಣ್ಣ ನಂಬಬೇಡಿ, ಮಲ್ಟಿಮೀಟರ್ ನಂಬಿ. ಕೀ ತೆಗೆದಾಗಲೂ 12 ವೋಲ್ಟ್ ತೋರಿಸುವುದು ಹಳದಿಗೆ, ಕೀ ಹಾಕಿದಾಗ ಮಾತ್ರ ತೋರಿಸುವುದು ಕೆಂಪಿಗೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಐಎಸ್ಒ ಕಪ್ಲರಿನಲ್ಲಿ ಇವೆರಡೂ ಅದಲುಬದಲಾಗಿರುವುದು ಸಾಮಾನ್ಯ. ಪ್ರತಿ ಸಲ ಕೀ ತೆಗೆದಾಗ ಸ್ಟೇಷನ್ನುಗಳೆಲ್ಲ ಅಳಿಸಿಹೋಗುತ್ತಿದ್ದರೆ ಕಾರಣ ಇದೇ.

ಡಬ್ಬಿಯ ಮೇಲೆ 50 ವಾಟ್ ಗುಣಿಸು 4 ಎಂದಿದೆ. ಅಷ್ಟು ನಿಜಕ್ಕೂ ಬರುತ್ತದೆಯೇ?

ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು ಸುಮಾರು 14.4 ವೋಲ್ಟ್. ಅದನ್ನು ಅದರಿಂದಲೇ ಗುಣಿಸಿ ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ ಹತ್ತಿರಹತ್ತಿರ 52. ಸಂಗೀತದ ಅಲೆ ಪೂರ್ತಿ ಚೌಕವಾಗಿ ಚಪ್ಪಟೆಯಾದರೆ, ಅಂದರೆ ದನಿ ಸಂಪೂರ್ಣ ಒಡೆದರೆ ಸಿಗುವ ಅಂಕಿ ಅದು. ಸ್ವಚ್ಛ ಅಲೆಗೆ ಅದರ ಅರ್ಧ, 26 ವಾಟ್, ಮೇಲ್ಮಿತಿ. ಒಳಗಿನ ನಷ್ಟ ಕಳೆದರೆ ಚಾನೆಲ್ಲಿಗೆ 15ರಿಂದ 20 ವಾಟ್ ಉಳಿಯುತ್ತದೆ. ಪುಸ್ತಿಕೆಯಲ್ಲಿ ಆರ್‌ಎಂಎಸ್ (ನಿರಂತರವಾಗಿ ಸಿಗುವ ಪವರ್) ಎಂದು ಬರೆದ ಅಂಕಿಯನ್ನೇ ನೋಡಿ.

ಸಣ್ಣ ಕಾರಿಗೆ 15 ವಾಟ್ ಕಡಿಮೆಯೇನಲ್ಲ. ಆದರೆ ಸ್ಪೀಕರ್ ಆರಿಸುವಾಗ ಸೆನ್ಸಿಟಿವಿಟಿ ಎಂಬ ಡೆಸಿಬಲ್ ಅಂಕಿ ನೋಡಿ. 3 ಡೆಸಿಬಲ್ ಹೆಚ್ಚಿದ್ದರೆ ಅದೇ ಸದ್ದಿಗೆ ಅರ್ಧ ಪವರ್ ಸಾಕು. ಆಂಪ್ಲಿಫೈಯರ್ ಹಾಕದವರಿಗೆ 90 ಡೆಸಿಬಲ್ ಮೇಲಿನದು ಒಳ್ಳೆಯದು. ಮನೆಯ ಸಿಸ್ಟಂನ 8 ಓಮ್ ಸ್ಪೀಕರ್ ತಂದು ಹಾಕಿದರೆ ಸಿಗುವ ಪವರ್ ಅರ್ಧಕ್ಕಿಳಿಯುತ್ತದೆ.

ಕೋ ಆಕ್ಸಿಯಲ್ಲೋ, ಕಾಂಪೊನೆಂಟೋ? ಹಿಂದೆ ಓವಲ್ ಹಾಕಿಸಲೇ?

ಕೋ ಆಕ್ಸಿಯಲ್‌ನಲ್ಲಿ ಟ್ವೀಟರ್ (ತೀಕ್ಷ್ಣ ಸ್ವರ ನುಡಿಸುವ ಪುಟ್ಟ ಸ್ಪೀಕರ್) ದೊಡ್ಡ ಸ್ಪೀಕರಿನ ನಡುವೆಯೇ ಇರುತ್ತದೆ, ಕಾಂಪೊನೆಂಟ್‌ನಲ್ಲಿ ಬೇರೆಯಾಗಿ. ಬಾಗಿಲ ಸ್ಪೀಕರ್ ನಮ್ಮ ಮೊಣಕಾಲಿನ ಹತ್ತಿರ ಇರುವುದರಿಂದ ತೀಕ್ಷ್ಣ ಸ್ವರಗಳು ಕಾಲಿಗೇ ಬಡಿದು ಸಾಯುತ್ತವೆ. ಟ್ವೀಟರನ್ನು ಕನ್ನಡಿಯ ಮೂಲೆಯ ತ್ರಿಕೋನದಲ್ಲೋ ಡ್ಯಾಶ್‌ಬೋರ್ಡ್ ಅಂಚಿನಲ್ಲೋ ಕೂರಿಸಿದರೆ ಹಾಡುವವರು ಎದುರಿಗೆ ಕೂತಂತೆ ಕೇಳುತ್ತದೆ. ಮುಂದಕ್ಕೆ ಕಾಂಪೊನೆಂಟ್ ಹಾಕಿ, ಹಿಂದಕ್ಕೆ ಹಣ ಉಳಿದರೆ ನೋಡಿ.

ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯ, ಅಂದರೆ ಪಾರ್ಸೆಲ್ ಟ್ರೇಯ, ಮೇಲಿನ 6×9 ಇಂಚಿನ ಓವಲ್ ನಮ್ಮಲ್ಲಿ ಬಹಳ ಪ್ರೀತಿಯ ಜೋಡಿ. ಬೇಸ್ ಚೆನ್ನಾಗಿಯೇ ಬರುತ್ತದೆ. ಆದರೆ ಹಾಡು ಬೆನ್ನ ಹಿಂದಿನಿಂದ ಬರುತ್ತದೆ, ಹಿಂದೆ ಕೂತ ಮಕ್ಕಳ ಕಿವಿಗೆ ಒಂದೇ ಮೊಳ ದೂರ. ತೆಳ್ಳನೆಯ ಟ್ರೇ ಮೇಲೆ ಹಾಕಿದರೆ ಟ್ರೇಯೂ ಅದುರುತ್ತದೆ. ನಾನಾಗಿದ್ದರೆ ಆ ದುಡ್ಡನ್ನು ಮುಂದಿನ ಬಾಗಿಲಿಗೆ ಹಾಕುತ್ತೇನೆ.

ಅಳತೆಯಲ್ಲಿ ಅಗಲದಷ್ಟೇ ಮುಖ್ಯ ಆಳ. ಕಿಟಕಿ ಗಾಜನ್ನು ಪೂರ್ತಿ ಇಳಿಸಿ, ಡೋರ್ ಪ್ಯಾಡ್ ಬಿಚ್ಚಿ, ಗಾಜಿಗೂ ಸ್ಪೀಕರ್ ಕೂರುವ ತಗಡಿಗೂ ನಡುವೆ ಎಷ್ಟು ಜಾಗವಿದೆ ಎಂದು ಅಳೆಯಿರಿ. ಮ್ಯಾಗ್ನೆಟ್ ಗಾಜಿಗೆ ತಾಗುವಂತಿದ್ದರೆ ಸ್ಪೇಸರ್ ರಿಂಗ್ ಬೇಕು.

ಬಾಗಿಲೊಳಗೆ ಡ್ಯಾಂಪಿಂಗ್ ಶೀಟ್ ಅಂಟಿಸುವುದರಿಂದ ನಿಜವಾಗಿ ಉಪಯೋಗವಿದೆಯೇ?

ತುಂಬಾ ಇದೆ. ಹಳೆಯ ಸಣ್ಣ ಕಾರಿನ ಬಾಗಿಲು ತೆಳು ತಗಡು, ಹೊರಗಿನಿಂದ ಬೆರಳಲ್ಲಿ ಬಡಿದರೆ ಡಬ್ಬದಂತೆ ಸದ್ದು ಮಾಡುತ್ತದೆ. ಸ್ಪೀಕರ್ ನುಡಿದಾಗ ತಗಡೂ ಜೊತೆಗೆ ನುಡಿದು ಬೇಸನ್ನು ತಿಂದುಹಾಕುತ್ತದೆ. ಬ್ಯುಟೈಲ್ ರಬ್ಬರಿನ ಶೀಟನ್ನು ಸ್ಪೀಕರಿನ ಹಿಂದಿನ ಹೊರತಗಡಿಗೆ ಅಂಟಿಸಿ ರೋಲರಿನಿಂದ ಒತ್ತಿದರೆ ಅದೇ ಬಾಗಿಲು ಮರದಂತೆ ಗಟ್ಟಿಯಾಗಿ ಕೇಳುತ್ತದೆ. ಸ್ಟೀರಿಯೊ ಬದಲಿಸದೆ ಇಷ್ಟು ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಛಾವಣಿ ನೀರು ತಡೆಯಲು ಬಳಸುವ ಅಗ್ಗದ ಡಾಂಬರಿನ ಶೀಟ್ ಬೇಡ, ಬೇಸಿಗೆಯಲ್ಲಿ ಕರಗಿ ಕಾರಿನೊಳಗೆಲ್ಲ ವಾಸನೆ ಹರಡುತ್ತದೆ.

ಮಲೆನಾಡು, ಕರಾವಳಿಯವರು ಮುಂದಿನದನ್ನು ಗಮನವಿಟ್ಟು ಓದಿ. ಮಳೆಯಲ್ಲಿ ಗಾಜಿನ ಮೇಲಿನಿಂದ ಬಾಗಿಲೊಳಗೆ ನೀರು ಇಳಿದೇ ಇಳಿಯುತ್ತದೆ, ಕಾರು ಮಾಡಿದವರೂ ಅದನ್ನು ಲೆಕ್ಕಕ್ಕಿಟ್ಟಿದ್ದಾರೆ. ಆ ನೀರು ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಡ್ಯಾಂಪಿಂಗ್ ಶೀಟ್ ಆ ತೂತು ಮುಚ್ಚಿದರೆ ನೀರು ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ಹಾಗೆಯೇ ಡೋರ್ ಪ್ಯಾಡ್ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಎಸೆಯುವ ಅಭ್ಯಾಸ ಕೆಲವು ಅಂಗಡಿಗಳಲ್ಲಿದೆ. ಆ ಹಾಳೆ ಇಲ್ಲದಿದ್ದರೆ ಒಂದೇ ಆಷಾಢದಲ್ಲಿ ಪ್ಯಾಡಿನ ರಟ್ಟು ಉಬ್ಬಿ, ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಮುಗ್ಗಲು ಹಿಡಿಯುತ್ತದೆ. ಹಾಳೆಯನ್ನು ಮರಳಿ ಅಂಟಿಸುವವರೆಗೆ ಪಕ್ಕದಲ್ಲೇ ನಿಂತಿರಿ.

ಹೊಸ ಸ್ಪೀಕರ್ ಹಾಕಿದರೂ ಬೇಸ್ ಬರುತ್ತಿಲ್ಲ. ಏನಾಗಿರಬಹುದು?

ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುಗಿರಬಹುದು. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋದರೆ ಬೇಸ್ ಪರಸ್ಪರ ಕಳೆದುಹೋಗುತ್ತದೆ. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಬೇಸ್ ಹೆಚ್ಚಿ, ನಡುವಿಗೆ ತಂದಾಗ ಕಡಿಮೆಯಾದರೆ ಇದೇ ದೋಷ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು: ಸ್ಟೀರಿಯೊ ಕಡೆಯ ಕಪ್ಲರ್ ಬಿಡಿಸಿ, ಸ್ಪೀಕರ್ ವೈರ್‌ಗಳಿಗೆ ಸೆಲ್ಲನ್ನು ಕ್ಷಣ ಮಾತ್ರ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿದ್ದರೆ ಕೋನ್ ಮುಂದಕ್ಕೆ ನೆಗೆಯುತ್ತದೆ.

ನಮ್ಮದು ಇನ್ನೂ ಹಳೆಯದು, ಅಂಬಾಸಿಡರ್ ಮತ್ತು ಪದ್ಮಿನಿ ಕಾಲದ್ದು. ಬೇರೆ ಎಚ್ಚರ ಬೇಕೇ?

ಬೇಕು. ಆ ಕಾಲದ ಹಲವು ರೇಡಿಯೊಗಳಲ್ಲಿ ಸ್ಪೀಕರಿಗೆ ಒಂದೇ ವೈರ್ ಹೋಗುತ್ತಿತ್ತು, ಇನ್ನೊಂದು ತುದಿ ಬಾಡಿಗೆ ಅರ್ಥ್ ಆಗುತ್ತಿತ್ತು. ಈಗಿನ ಸ್ಟೀರಿಯೊದಲ್ಲಿ ಸ್ಪೀಕರಿನ ಎರಡೂ ವೈರ್‌ಗಳಲ್ಲಿ ವೋಲ್ಟೇಜ್ ಇರುತ್ತದೆ. ಅದರ ಮೈನಸ್ಸನ್ನು ಬಾಡಿಗೆ ತಾಗಿಸಿದರೆ ಒಳಗಿನ ಐಸಿ ಸುಟ್ಟುಹೋಗಬಹುದು. ಹಳೆಯ ವೈರಿಂಗ್ ಬಿಟ್ಟು ಪ್ರತಿ ಸ್ಪೀಕರಿಗೂ ಹೊಸ ಜೋಡಿ ವೈರ್ ಎಳೆಸಿ.

ಕ್ಯಾಸೆಟ್ ಪ್ಲೇಯರ್ ತೆಗೆಯಲು ಮನಸ್ಸಿಲ್ಲ. ಫೋನಿನ ಹಾಡು ಅದರಲ್ಲೇ ಕೇಳಬಹುದೇ?

ಖಂಡಿತ. ಫೋನಿನ ವೈರ್ ಸಿಕ್ಕಿಸುವ ಆಕ್ಸ್ ತೂತು ಇದ್ದರೆ ಸಣ್ಣ ಬ್ಲೂಟೂತ್ ರಿಸೀವರ್ ಸಾಕು. ಇಲ್ಲದಿದ್ದರೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಇದೆ, ವೈರಿನದೂ ಬ್ಲೂಟೂತಿನದೂ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರಿಗಿಂತ ಇದರ ದನಿ ಮೇಲು. ಬೆಂಗಳೂರಿನಂಥ ಊರಿನಲ್ಲಿ ಎಫ್‌ಎಂ ಸ್ಟೇಷನ್ನುಗಳು ಇಕ್ಕಟ್ಟಾಗಿ ಕೂತಿರುವುದರಿಂದ ಟ್ರಾನ್ಸ್‌ಮಿಟರಿಗೆ ಖಾಲಿ ಜಾಗ ಸಿಗುವುದೇ ಕಷ್ಟ.

ಪ್ಲೇಯರಿನ ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಂದು ಬಣ್ಣದ ಪುಡಿ ಬರುವುದು ನಿಂತಾಗ ಮಂದವಾಗಿದ್ದ ದನಿ ತೆರೆದುಕೊಳ್ಳುತ್ತದೆ. ಸ್ಪೀಕರ್ ಬದಲಿಸಿ ಪ್ಲೇಯರ್ ಉಳಿಸಿಕೊಂಡವರ ಕಾರಿನಲ್ಲಿ ಕೂತಿದ್ದೇನೆ. ಏನೂ ಕೊರತೆ ಅನ್ನಿಸಲಿಲ್ಲ.

ಆಂಡ್ರಾಯ್ಡ್ ಸ್ಟೀರಿಯೊ ತೆಗೆದುಕೊಳ್ಳಲೇ, ಹೆಸರಾಂತ ಕಂಪನಿಯ ಸಾದಾ ಸೆಟ್ಟೇ?

ಮ್ಯಾಪ್, ರಿವರ್ಸ್ ಕ್ಯಾಮೆರಾ ಬೇಕೆಂದರೆ ಪರದೆ ಬೇಕು. ಹಾಗಿದ್ದರೂ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಇರುವ, ಫೋನಿನ ಬುದ್ಧಿಯನ್ನೇ ಬಳಸುವ ಸೆಟ್ ಆರಿಸಿ. ಫೋನ್ ಬದಲಾದಾಗ ಅದೂ ಹೊಸದಾಗುತ್ತದೆ. ಅಗ್ಗದ ಆಂಡ್ರಾಯ್ಡ್ ಸೆಟ್‌ಗಳಲ್ಲಿ ರ್‍ಯಾಮ್ ಎಷ್ಟು, ಆಂಡ್ರಾಯ್ಡ್ ಎಷ್ಟನೆಯದು ಎಂದು ಪರದೆ ತೋರಿಸುವ ಅಂಕಿಯೇ ಸುಳ್ಳಿರುವುದುಂಟು. ಬರೀ ಹಾಡು, ರೇಡಿಯೊ, ಕರೆ ಸಾಕೆನ್ನುವವರಿಗೆ ಪಯೋನಿಯರ್, ಸೋನಿ, ಕೆನ್‌ವುಡ್, ಜೆವಿಸಿಯಂಥವರ ಬ್ಲೂಟೂತ್ ಇರುವ ಸಿಂಗಲ್ ಡಿನ್ ಸೆಟ್ ಸಾಲುತ್ತದೆ. ಗುಂಡಿ ತಿರುಗಿಸಿ ವಾಲ್ಯೂಮ್ ಇಳಿಸಬಹುದು, ರಸ್ತೆಯಿಂದ ಕಣ್ಣು ತೆಗೆಯಬೇಕಿಲ್ಲ. ವೀಡಿಯೊ ಬರುವ ಸೆಟ್‌ನಲ್ಲಿ ಹ್ಯಾಂಡ್‌ಬ್ರೇಕಿಗೆ ಜೋಡಿಸುವ ವೈರ್ ಒಂದಿರುತ್ತದೆ. ಕಾರು ಓಡುವಾಗ ಚಿತ್ರ ಬರದಿರಲಿ ಎಂದೇ ಅದು ಇರುವುದು. ಅದನ್ನು ಅರ್ಥ್‌ಗೆ ಸೇರಿಸಿ ತಡೆ ತಪ್ಪಿಸಬೇಡಿ.

ಕರೆಗಾಗಿ ಹೊರಗಿನ ಮೈಕ್ ಕೊಟ್ಟಿದ್ದರೆ ಸನ್ ವೈಸರ್ ಹತ್ತಿರ ಹಾಕಿಸಿ, ಎಸಿ ಗಾಳಿ ಬಡಿಯುವಲ್ಲಿ ಬೇಡ.

ಅಮೆರಿಕದಿಂದ ಅಣ್ಣ ಒಂದು ಸ್ಟೀರಿಯೊ ತಂದಿದ್ದಾನೆ. ಮೈಸೂರು ಆಕಾಶವಾಣಿ ಮಾತ್ರ ಸಿಗುತ್ತಿಲ್ಲ. ಯಾಕೆ?

ಕಾರಣ ಚೆಂದವಾಗಿದೆ. ಅಮೆರಿಕದ ಎಫ್‌ಎಂ ಹೆಜ್ಜೆ 0.2 ಮೆಗಾಹರ್ಟ್ಸ್, ಅಲ್ಲಿನ ಸ್ಟೇಷನ್ನುಗಳ ದಶಾಂಶ ಸದಾ ಬೆಸ. ಹಾಗಾಗಿ ಬೆಂಗಳೂರಿನ 101.3 ಎಫ್‌ಎಂ ರೇನ್‌ಬೋ, 102.9 ವಿವಿಧ ಭಾರತಿ ಸಿಗುತ್ತವೆ, ಮೈಸೂರಿನ 100.6 ಮಾತ್ರ ಎರಡು ಹೆಜ್ಜೆಗಳ ನಡುವೆ ಬೀಳುತ್ತದೆ. ಮೀಡಿಯಂ ವೇವ್‌ನಲ್ಲೂ ಹೀಗೆಯೇ: ಅಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ, ಇಲ್ಲಿ 9. ಬೆಂಗಳೂರಿನ 612, ಧಾರವಾಡದ 765 ಎರಡೂ 9ರ ಮಗ್ಗಿಯಲ್ಲಿ ಬರುತ್ತವೆ, 10ರದ್ದರಲ್ಲಿ ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಟ್ಯೂನರ್ ರೀಜನ್ ಹುಡುಕಿ ಏಷ್ಯಾ ಇಲ್ಲವೇ ಯುರೋಪ್ ಎಂದು ಬದಲಿಸಿ.

ಜಪಾನಿನಿಂದ ಬಂದ ಹಳೆಯ ಸೆಟ್‌ಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ಅದಕ್ಕೆ ಸೆಟ್ಟಿಂಗ್‌ನ ಪರಿಹಾರವಿಲ್ಲ.

ಇಲ್ಲಿನ ಸೆಟ್‌ನಲ್ಲೂ ರೇಡಿಯೊ ಗೊರಗೊರ ಎನ್ನುತ್ತಿದ್ದರೆ ಮೊದಲು ಅಗ್ಗದ ಮೊಬೈಲ್ ಚಾರ್ಜರನ್ನೂ ಡ್ಯಾಶ್‌ಕ್ಯಾಮನ್ನೂ ಕಿತ್ತು ನೋಡಿ. ಬಹಳ ಸಲ ಅಪರಾಧಿ ಅದೇ. ಆಮೇಲೆ ಆಂಟೆನಾದ ಬುಡದ ತುಕ್ಕು.

ಪೆನ್‌ಡ್ರೈವ್‌ನಲ್ಲಿರುವ ಕನ್ನಡ ಹಾಡುಗಳ ಹೆಸರು ಚೌಕಚೌಕವಾಗಿ ಕಾಣುತ್ತದೆ.

ಆ ಸೆಟ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ. ಅದು ತಯಾರಕರು ಮನಸ್ಸು ಮಾಡಿ ಸರಿಪಡಿಸಬೇಕಾದ ಕೊರತೆ. ಅಲ್ಲಿಯವರೆಗೆ ಫೈಲಿನ ಹೆಸರನ್ನೂ ಒಳಗಿನ ಟ್ಯಾಗನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಮುಂದೆ 01, 02 ಎಂದು ಅಂಕಿ ಹಾಕಿ. ಪೆನ್‌ಡ್ರೈವ್ ಎಫ್‌ಎಟಿ32 ಆಗಿರಲಿ. ಹಲವು ಹಳೆಯ ಸೆಟ್‌ಗಳು ಹೆಸರಿನ ಕ್ರಮ ನೋಡದೆ ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ, ಆದ್ದರಿಂದ ಒಂದೊಂದೇ ಫೋಲ್ಡರನ್ನು ಬೇಕಾದ ಕ್ರಮದಲ್ಲಿ ಕಾಪಿ ಮಾಡಿ.

ಆಂಪ್ಲಿಫೈಯರ್, ಬಾಸ್ ಟ್ಯೂಬ್ ಬೇಕೇ?

ಮೊದಲು ಸ್ಪೀಕರ್ ಮತ್ತು ಬಾಗಿಲು ಮುಗಿಸಿ ಒಂದು ತಿಂಗಳು ಕೇಳಿ. ಆಮೇಲೂ ಬೇಕೆನಿಸಿದರೆ ಡಿಕ್ಕಿ ತುಂಬುವ ಟ್ಯೂಬಿಗಿಂತ ಸೀಟಿನಡಿ ಕೂರುವ, ಬೇಸ್ ಮಾತ್ರ ನುಡಿಸುವ ಚಪ್ಪಟೆ ಸಬ್‌ವೂಫರ್ ಸಾಕು. ಸ್ಟೀರಿಯೊದಲ್ಲಿ ಹೈಪಾಸ್ ಫಿಲ್ಟರನ್ನು (ಬಾಗಿಲ ಸ್ಪೀಕರಿಗೆ ತಗ್ಗು ಸ್ವರ ಹೋಗದಂತೆ ತಡೆಯುವುದು) 80 ಹರ್ಟ್ಸ್‌ಗೆ ಇಟ್ಟು ಅದರ ಕೆಳಗಿನದನ್ನು ಸಬ್‌ವೂಫರಿಗೆ ಬಿಡಿ. ಬಾಗಿಲ ಸ್ಪೀಕರುಗಳಿಗೆ ಉಸಿರಾಡಲು ಜಾಗ ಸಿಕ್ಕಿ ಹಾಡುವವರ ದನಿ ತಿಳಿಯಾಗುತ್ತದೆ. ಆಂಪ್ಲಿಫೈಯರಿನ ದಪ್ಪ ವೈರನ್ನು ಬ್ಯಾಟರಿಯಿಂದಲೇ ತರಬೇಕು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು. ಬಾನೆಟ್‌ನಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ ಕಡ್ಡಾಯ. ತಗಡಿನ ಅಂಚು ದಿನವೂ ಅಷ್ಟಷ್ಟೇ ವೈರನ್ನು ಕೊಯ್ಯುತ್ತಿರುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುತ್ತದೆ.

ಆಲ್ಟರ್ನೇಟರಿನ ಸದ್ದು ಅದು. ಅರ್ಥಿಂಗ್ ಸಡಿಲವಿದ್ದರೆ ಬರುತ್ತದೆ. ಪೇಂಟ್ ಕೆರೆದು ಬರಿಯ ಲೋಹಕ್ಕೆ ಬೋಲ್ಟ್ ಹಾಕಿ. ಆರ್‌ಸಿಎ ಕೇಬಲ್ (ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವುದು) ಒಂದು ಬದಿಯಿಂದ, ಪವರ್ ವೈರ್ ಇನ್ನೊಂದು ಬದಿಯಿಂದ ಹೋಗಲಿ. ಆಕ್ಸ್‌ನಲ್ಲಿ ಫೋನ್ ಚಾರ್ಜ್ ಆಗುವಾಗ ಮಾತ್ರ ಸದ್ದು ಬಂದರೆ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಸಾಧನ ಹಾಕಿ, ನಿಲ್ಲುತ್ತದೆ.

ಸ್ಟೀರಿಯೊ ಹಾಕಿಸಿದ ಮೇಲೆ ನಾಲ್ಕು ದಿನ ನಿಂತರೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಕೆಂಪು ವೈರನ್ನೂ ಹಳದಿಗೇ ಸೇರಿಸಿರಬಹುದು, ಅಥವಾ ಸೆಟ್ ನಿದ್ದೆಗೆ ಜಾರದೆ ಇರಬಹುದು. ಎಲ್ಲ ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು, ಬ್ಯಾಟರಿಯ ಮೈನಸ್ ತುದಿಗೂ ಅದರ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು ಸಾಲಾಗಿ ಸೇರಿಸಿ ಕರೆಂಟ್ ನೋಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ ದಿನಕ್ಕೆ 7.2 ಆಂಪಿಯರ್ ಅವರ್ ಸೋರುತ್ತದೆ. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಕೆಲಸ ಶುರುಮಾಡುವ ಮೊದಲು ಇನ್ನೇನು ನೋಡಿಕೊಳ್ಳಬೇಕು?

ಕಂಪನಿ ಸೆಟ್‌ಗೆ ಸೆಕ್ಯೂರಿಟಿ ಕೋಡ್ ಇದ್ದರೆ ಬ್ಯಾಟರಿ ಬಿಡಿಸುವ ಮೊದಲು ಆ ಕಾರ್ಡ್ ಹುಡುಕಿಟ್ಟುಕೊಳ್ಳಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ಹಳದಿ ಕಪ್ಲರ್‌ಗಳ ತಂಟೆಗೆ ಹೋಗಬೇಡಿ. ಸ್ಟೀರಿಂಗ್ ಮೇಲೆ ವಾಲ್ಯೂಮ್ ಗುಂಡಿ ಇದ್ದರೆ, ಹೊಸ ಸೆಟ್ ಅದನ್ನು ಕಲಿತುಕೊಳ್ಳುತ್ತದೆಯೇ, ಬೇರೆ ಇಂಟರ್‌ಫೇಸ್ ಬೇಕೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ತೆಗೆದ ಹಳೆಯ ಸ್ಟೀರಿಯೊ ಏನು ಮಾಡಲಿ?

ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರ ಬ್ರಾಕೆಟ್, ಸ್ಕ್ರೂ, ಫ್ರೇಮ್ ಎಲ್ಲ ಸೇರಿಸಿ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ, ಡಬ್ಬಿಯ ಮೇಲೆ ಕಾರಿನ ಹೆಸರು ಬರೆದಿಡಿ. ಕಪ್ಲರ್ ಕತ್ತರಿಸದೆ ಇದ್ದವರು ಯಾವತ್ತು ಬೇಕಾದರೂ ಹತ್ತು ನಿಮಿಷದಲ್ಲಿ ಅದನ್ನು ಮರಳಿ ಕೂರಿಸಬಹುದು. ನಮ್ಮ ಜೆನ್‌ನ ಕ್ಯಾಸೆಟ್ ಪ್ಲೇಯರ್ ಹಾಗೇ ಇದೆ, ಅದರೊಳಗೆ ಅಪ್ಪ ಕೊನೆಗೆ ಹಾಕಿದ್ದ ಕ್ಯಾಸೆಟ್ಟೂ ಇದೆ.